ಸತ್ಯಾಂಶ: ‘ಡೆಕ್ಕೋ’ ಹುಟ್ಟಿದ್ದು ಬೇಕಲ ಕೋಟೆಯಲ್ಲಲ್ಲ

ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಿದೆ: ಬೇಕಲ ಕೋಟೆಯ ಬುರುಜಿನಿಂದ ಬ್ರಿಟಿಷ್ ಸಿಪಾಯಿಗಳು ಹಡಗಿನ ‘ಡೆಕ್’ ನೋಡುತ್ತಿದ್ದರಂತೆ, ಅದರಿಂದಲೇ ಇಂಗ್ಲಿಷಿನ ‘ಡೆಕ್ಕೋ’ ಹುಟ್ಟಿತಂತೆ. ಓದಲು ಚೆಂದ, ಆದರೆ ನಿಜವಲ್ಲ.

‘ಡೆಕ್ಕೋ’ ಎಂದರೆ ಒಂದು ನೋಟ, ಒಮ್ಮೆ ಕಣ್ಣಾಡಿಸುವುದು. ಹಿಂದಿ-ಉರ್ದುವಿನ ‘ದೇಖೋ’ ಎಂಬ ಮಾತು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಬಾಯಲ್ಲಿ ಹಾಗಾಯಿತು. 19ನೇ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲಿಷ್ ಬರಹದಲ್ಲೂ ಕಾಣಿಸಿಕೊಂಡಿತು. ಮಜಾ ಇರುವುದು ವ್ಯಾಕರಣದಲ್ಲಿ. ‘ದೇಖೋ’ ಎಂದರೆ ‘ನೋಡು’ ಎಂಬ ಆಜ್ಞೆ. ಇಂಗ್ಲಿಷರು ಅದನ್ನೇ ನಾಮಪದ ಮಾಡಿ ‘ಹ್ಯಾವ್ ಎ ಡೆಕ್ಕೋ’ ಎಂದರು. ನಾವು ‘ಒಂದು ನೋಡು ಹಾಕಿ ಬಾ’ ಎಂದಹಾಗೆ! ‘ದೇಖ್‌ನಾ’ (ನೋಡುವುದು) ಎಂಬ ಮೂಲ ಕ್ರಿಯಾಪದದ ಬೇರು ಸಂಸ್ಕೃತದ ‘ದೃಶ್’. ನಮ್ಮ ದೃಷ್ಟಿ, ದೃಶ್ಯಗಳೂ ಅಲ್ಲಿಂದಲೇ ಬಂದವು.

‘ಡೆಕ್’ಗೂ ಇದಕ್ಕೂ ನಂಟಿಲ್ಲ. ಅದು ಡಚ್ ಕಡೆಯ ಪದ, ಮೂಲದಲ್ಲಿ ಹೊದಿಕೆ, ಮುಚ್ಚಿಗೆ ಎಂಬ ಅರ್ಥ.

ಬೇಕಲದ ಮೇಲಿನ ಅಭಿಮಾನ ನನಗೂ ಇದೆ. ಆದರೆ ಸಿಪಾಯಿಗಳು ಇಲ್ಲಿನ ಜನರಿಂದ ಕಲಿತಿದ್ದರೆ ತುಳುವಿನ ‘ತೂಲೆ’, ಮಲೆಯಾಳದ ‘ನೋಕ್ಕ್’, ಇಲ್ಲವೇ ನಮ್ಮ ‘ನೋಡು’ ಅವರ ನಾಲಿಗೆಗೆ ಅಂಟಬೇಕಿತ್ತು. ಲಂಡನ್ನಿನ ಬೀದಿಯಲ್ಲಿ ‘ಹ್ಯಾವ್ ಎ ತೂಲೆ’ ಅಂದದ್ದನ್ನು ಯಾರಾದರೂ ಕೇಳಿದ್ದಾರೆಯೇ?