ಚಿನ್ನ ಗೆಲ್ಲುವವನಿಗೆ ಡಿಗ್ರಿಯೂ ಬೇಕೇ?

ಪರ

1896ರ ಅಥೆನ್ಸ್ ಒಲಿಂಪಿಕ್ಸ್‌ಗೆ ಹೊರಟಾಗ ಹಂಗೆರಿಯ ಆಲ್ಫ್ರೆಡ್ ಹಾಯೋಶ್‌ಗೆ 18 ವರ್ಷ. ಬುಡಾಪೆಸ್ಟ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ. ಆಗ ಈಜಿನ ಸ್ಪರ್ಧೆ ನಡೆದದ್ದು ಕೊಳದಲ್ಲಲ್ಲ, ಸಮುದ್ರದಲ್ಲಿ. ನೀರು 13 ಡಿಗ್ರಿ ಆಸುಪಾಸು, ಮೇಲೆ ಅಲೆ ಬೇರೆ. ಮೈಗೆಲ್ಲ ದಪ್ಪಗೆ ಜಿಡ್ಡು ಬಳಿದುಕೊಂಡು ಇಳಿದ. 100 ಮೀಟರ್, 1200 ಮೀಟರ್ ಎರಡನ್ನೂ ಗೆದ್ದ. ಊರಿಗೆ ಬಂದರೆ ಕಾಲೇಜಿನ ಡೀನ್, 'ನಿನ್ನ ಪದಕ ಹಾಗಿರಲಿ, ಮುಂದಿನ ಪರೀಕ್ಷೆಯಲ್ಲಿ ಏನು ಉತ್ತರ ಕೊಡ್ತೀಯ ನೋಡೋಣ' ಎಂದರಂತೆ.

ಡೀನ್ ಸ್ವಲ್ಪ ಒರಟರೇ ಬಿಡಿ. ಆದರೆ ಆ ಓದು ದಂಡವಾಗಲಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಲೆಗೂ ಸ್ಪರ್ಧೆ ಇತ್ತು. ಹಾಯೋಶ್ ಇನ್ನೊಬ್ಬ ಆರ್ಕಿಟೆಕ್ಟ್ ಡೆಜೋ ಲೌಬರ್ ಜೊತೆ ಸೇರಿ ಬರೆದ ಕ್ರೀಡಾಂಗಣದ ನಕ್ಷೆಗೆ ಬೆಳ್ಳಿ ಸಿಕ್ಕಿತು. 1930ರಲ್ಲಿ ಬುಡಾಪೆಸ್ಟ್‌ನ ಡ್ಯಾನ್ಯೂಬ್ ನದಿ ನಡುವಿನ ಮಾರ್ಗರೆಟ್ ದ್ವೀಪದಲ್ಲಿ ಅವನೇ ವಿನ್ಯಾಸ ಮಾಡಿದ ಒಳಾಂಗಣ ಈಜುಕೊಳ ಶುರುವಾಯಿತು. ಎರಡೇ ವರ್ಷಕ್ಕೆ ಹಂಗೆರಿ, ಈಜುತ್ತಲೇ ಚೆಂಡನ್ನು ಗೋಲಿಗೆ ಎಸೆಯುವ ವಾಟರ್ ಪೋಲೊ ಆಟದಲ್ಲಿ ಮೊದಲ ಒಲಿಂಪಿಕ್ ಚಿನ್ನ ತಂದಿತು. ಕೊಳದಿಂದಲೇ ಗೆದ್ದರು ಅಂತ ಹೇಳುತ್ತಿಲ್ಲ. ಆದರೂ ಹಿಮ ಬೀಳುವ ಊರಿನಲ್ಲಿ ಸೂರಿನ ಕೆಳಗೆ ಈಜೋಕೆ ಜಾಗ ಸಿಗುವುದು ಸಣ್ಣ ಮಾತಲ್ಲ, ಅಲ್ವಾ? ಚಳಿ ನೀರಲ್ಲಿ ನಡುಗಿದ್ದವನೇ ಕೂತು ಅದರ ನಕ್ಷೆ ಬರೆದ. ಬರೀ ಪದಕ ಇದ್ದಿದ್ದರೆ ಆಗುತ್ತಿತ್ತಾ?

ಮೂರು ಒಲಿಂಪಿಕ್ ಚಿನ್ನ ಗೆದ್ದ ವಾಟರ್ ಪೋಲೊ ಆಟಗಾರ ಗ್ಯೋರ್ಗಿ ಕಾರ್ಪಾತಿ ಕೂಡ ಕಾನೂನು ಓದಿದವನೇ.

ವಿರೋಧ

ಹಾಯೋಶ್ ಕಥೆ ಚೆನ್ನಾಗಿದೆ. ಆದರೆ ಅಥೆನ್ಸ್ ಆದಮೇಲೆ ಅವನು ಒಲಿಂಪಿಕ್ಸ್‌ನಲ್ಲಿ ಮತ್ತೆ ಈಜಲೇ ಇಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗಿನ ವಾಟರ್ ಪೋಲೊ ನೋಡಿ. ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್. ತಳಕ್ಕೆ ಕಾಲೂರಿ ಆಡುವಂತಿಲ್ಲ. ನೀರೊಳಗೆ ಎರಡೂ ಕಾಲು ಗಿರಗಿರ ತಿರುಗಿಸುತ್ತಾ, ಎದೆವರೆಗೆ ಮೇಲೆದ್ದು, ಒಂದೇ ಕೈಯಲ್ಲಿ ಚೆಂಡು ಹಿಡಿದು ಎಸೆಯಬೇಕು. ಅಷ್ಟರಲ್ಲಿ ಎದುರಾಳಿ ಕೆಳಗಿಂದ ಚಡ್ಡಿ ಹಿಡಿದು ಎಳೆಯುತ್ತಿರುತ್ತಾನೆ, ರೆಫರಿಗೆ ಕಾಣದ ಹಾಗೆ! ಇದಕ್ಕೆ ಮೈ ಹದ ಮಾಡಿಕೊಳ್ಳುವ ಹುಡುಗನಿಗೆ ನಡುವೆ ಲ್ಯಾಬಿಗೂ ಓಡು ಅಂದರೆ ಎರಡೂ ಅರೆಬರೆ.

ಹಂಗೆರಿಯ ವಾಟರ್ ಪೋಲೊ ಆಟಗಾರ ತಿಬೋರ್ ಬೆನೆಡೆಕ್ ಆಟವನ್ನೇ ಕಸುಬು ಮಾಡಿಕೊಂಡ. ಇಟಲಿಯ ಕ್ಲಬ್‌ಗಳಲ್ಲಿ ವರ್ಷಗಟ್ಟಲೆ ಆಡಿದ. 2000, 2004, 2008ರ ಮೂರೂ ಒಲಿಂಪಿಕ್ ಚಿನ್ನದ ತಂಡಗಳಲ್ಲಿದ್ದ. ಕೊನೆಯದನ್ನು ಗೆದ್ದಾಗ ವಯಸ್ಸು 36. 2013ರಲ್ಲಿ ಕೋಚ್ ಆಗಿ ಹಂಗೆರಿಯನ್ನು ವಿಶ್ವ ಚಾಂಪಿಯನ್ ಮಾಡಿದ. ಆಟ ಮುಗಿದ ಮೇಲೆ ಹೊಟ್ಟೆಪಾಡೇನು ಅನ್ನುವವರಿಗೆ ಇಷ್ಟು ಸಾಕು. ಡಿಗ್ರಿ ಬೇಕೇ ಬೇಕು ಅನ್ನಿಸಿದರೆ ನಲವತ್ತಕ್ಕೆ ಸೇರಿಕೊಳ್ಳಲಿ, ಯಾರು ಬೇಡ ಅಂತಾರೆ?