ಭಯ ತಿನ್ನುವ ಬೆಕ್ಕು, ಹಲ್ಲಿನ ಚೀಲ ಮತ್ತು ಒಂದು ಸೇಡು

ಸೇಡಿನ ಕಥೆ ಓದುವಾಗ ನನ್ನ ಕಣ್ಣು ಕೊಲ್ಲುವವರಿಗಿಂತ ಸಾಯುವವರ ಮೇಲೆಯೇ ಇರುತ್ತದೆ. ಸಾಯಲಿರುವವನಿಗೆ ಲೇಖಕರು ಎಷ್ಟು ಪುಟ ಕೊಟ್ಟಿದ್ದಾರೆ, ಅವನಿಗೊಂದು ಮುಖವಿದೆಯೇ, ಅವನ ಸಾವಿನಿಂದ ಯಾರಿಗಾದರೂ ಏನಾದರೂ ಆಗುತ್ತದೆಯೇ ಎಂದು ನೋಡುತ್ತೇನೆ. ಹೆಚ್ಚಿನ ಕಥೆಗಳಲ್ಲಿ ಏನೂ ಆಗುವುದಿಲ್ಲ. ಖಳನು ಮೊದಲ ಅಧ್ಯಾಯದಲ್ಲಿ ಪಾಪ ಮಾಡುತ್ತಾನೆ, ಕೊನೆಯ ಅಧ್ಯಾಯದಲ್ಲಿ ಸಾಯುತ್ತಾನೆ. ನಡುವೆ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಕೇಳುವವರಿಲ್ಲ.

ಈ ಹಟದಿಂದಲೇ ಜೇ ಕ್ರಿಸ್ಟಾಫ್ ಅವರ ‘ನೆವರ್‌ನೈಟ್’ ಕಾದಂಬರಿಯನ್ನು ಓದಿದೆ. ಲೇಖಕರು ಆಸ್ಟ್ರೇಲಿಯಾದವರು. ಪುಸ್ತಕ ಬಂದಿದ್ದು 2016ರಲ್ಲಿ. ಮೂರು ಸಂಪುಟಗಳ ಸರಣಿಯಲ್ಲಿ ಇದು ಮೊದಲನೆಯದು. ತಂದೆಯನ್ನು ಕಳೆದುಕೊಂಡ ಹುಡುಗಿಯೊಬ್ಬಳು ಹಂತಕಿಯಾಗಲು ಹೊರಡುತ್ತಾಳೆ ಎಂಬಷ್ಟು ಕೇಳಿದರೆ ‘ಮತ್ತೆ ಅದೇ ಕಥೆಯೇ’ ಅನ್ನಿಸುತ್ತದೆ. ಹೌದು, ಅದೇ ಕಥೆ. ಆದರೆ ಇದರೊಳಗೆ ಮುಳ್ಳೊಂದಿದೆ. ಪುಸ್ತಕ ಮುಚ್ಚಿಟ್ಟ ಮೇಲೂ ಅದು ಚುಚ್ಚುತ್ತಲೇ ಇದೆ. (ಮುಂದೆ ಕಥೆಯ ಕೆಲವು ಗುಟ್ಟುಗಳು ಬರುತ್ತವೆ. ಓದುವ ಯೋಚನೆಯಿದ್ದವರು ಇಲ್ಲಿಗೇ ನಿಲ್ಲಿಸಬಹುದು. ದೊಡ್ಡ ದ್ರೋಹ ಯಾರದೆಂದು ಮಾತ್ರ ನಾನು ಹೇಳುವುದಿಲ್ಲ.)

ಆ ಲೋಕಕ್ಕೆ ಮೂರು ಸೂರ್ಯರು. ಒಬ್ಬ ಮುಳುಗಿದರೆ ಇನ್ನೊಬ್ಬ ಇರುತ್ತಾನೆ. ಹಾಗಾಗಿ ನಿಜವಾದ ಕತ್ತಲೆ ಸುಮಾರು ಎರಡೂವರೆ ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ. ರಾಜಧಾನಿಯ ಹೆಸರು ಗಾಡ್ಸ್‌ಗ್ರೇವ್. ಸತ್ತ ದೇವರೊಬ್ಬನ ಎಲುಬುಗಳ ನಡುವೆ ಎದ್ದ ನಗರ. ಇಟಾಲಿಯನ್ ಹೆಸರುಗಳು, ಕಾಲುವೆ, ಸೇತುವೆ, ಮುಖವಾಡಗಳನ್ನು ನೋಡಿದರೆ ವೆನಿಸ್ ನೆನಪಾಗುತ್ತದೆ. ಸೆನೆಟ್, ಕಾನ್ಸಲ್, ಸೇನಾ ದಳಗಳನ್ನು ನೋಡಿದರೆ ಪ್ರಾಚೀನ ರೋಮ್. ಇಂಥ ಊರಿನಲ್ಲಿ ಮಿಯಾ ಕೊರ್ವೇರ್‌ಳ ತಂದೆಯನ್ನು ದೇಶದ್ರೋಹದ ಆರೋಪದ ಮೇಲೆ ಎಲ್ಲರೆದುರು ಗಲ್ಲಿಗೇರಿಸುತ್ತಾರೆ. ಅವಳಿಗಾಗ ಹತ್ತು ವರ್ಷ. ತಾಯಿ ಅವಳ ಕಣ್ಣು ಮುಚ್ಚುವುದಿಲ್ಲ. ನೋಡು, ಕದಲಬೇಡ, ಮರೆಯಬೇಡ ಎನ್ನುತ್ತಾಳೆ. ನನಗೆ ಆ ತಾಯಿಯ ಮೇಲೆ ಬಂದಷ್ಟು ಸಿಟ್ಟು ಗಲ್ಲಿಗೇರಿಸಿದವರ ಮೇಲೂ ಬರಲಿಲ್ಲ. ಮಗುವಿನ ಕೈಗೆ ಸೇಡನ್ನು ಕೊಟ್ಟು ಹೋದವಳು ಅವಳೇ.

ಮುಂದೆ ತಾಯಿ ಸೆರೆಮನೆ ಸೇರುತ್ತಾಳೆ. ಮಿಯಾಳನ್ನು ಮರ್ಕ್ಯುರಿಯೋ ಎಂಬ ಮುದುಕ ಸಾಕಿ, ಕತ್ತಿ ಹಿಡಿಯುವುದನ್ನೂ ಬೀಗ ಬಿಚ್ಚುವುದನ್ನೂ ಕಲಿಸುತ್ತಾನೆ. ಹದಿನಾರಕ್ಕೆ ಬರುವ ಹೊತ್ತಿಗೆ ಅವಳು ಮೊದಲ ಕೊಲೆ ಮಾಡುತ್ತಾಳೆ. ಮುಳ್ಳು ಇರುವುದು ಇಲ್ಲೇ. ಅವಳು ಕೊಲ್ಲುವುದು ಸಂಚು ಹೂಡಿದ ದೊಡ್ಡವರನ್ನಲ್ಲ. ತಂದೆಯ ಕೊರಳಿಗೆ ಹಗ್ಗ ಹಾಕಿದವನನ್ನು. ತೀರ್ಪು ಕೊಟ್ಟವರು ಬೇರೆ, ಲಾಭ ಪಡೆದವರು ಬೇರೆ. ಇವನು ಹೇಳಿದ ಕೆಲಸ ಮಾಡಿ ಕೂಲಿ ಪಡೆದವನು. ಅವನನ್ನು ಮುಗಿಸಿ, ಅವನ ಹಲ್ಲುಗಳನ್ನು ಕಿತ್ತು ಚೀಲಕ್ಕೆ ತುಂಬಿಕೊಂಡು, ಕೆಂಪು ಚರ್ಚ್ ಎಂಬ ಹಂತಕರ ಪಂಥಕ್ಕೆ ಕಾಣಿಕೆ ಒಯ್ಯುತ್ತಾಳೆ.

ಆ ಚರ್ಚ್ ಏನು ಮಾಡುತ್ತದೆ? ದುಡ್ಡು ಕೊಟ್ಟವರ ಪರವಾಗಿ ಕೊಲ್ಲುತ್ತದೆ. ಅಂದರೆ ಕೂಲಿಗಾಗಿ ಕೊಂದವನ ಹಲ್ಲುಗಳನ್ನೇ ಪ್ರವೇಶ ಶುಲ್ಕವಾಗಿ ಕೊಟ್ಟು, ಕೂಲಿಗಾಗಿ ಕೊಲ್ಲುವ ವಿದ್ಯೆ ಕಲಿಯಲು ಈ ಹುಡುಗಿ ಹೋಗಿದ್ದಾಳೆ. ಲೇಖಕರು ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಕೆಡುತ್ತಿತ್ತು.

ಚರ್ಚ್‌ನೊಳಗಿನ ಭಾಗ ತುಸು ಉದ್ದವಾಯಿತು. ಗುರುಕುಲ, ಸಹಪಾಠಿಗಳು, ಪೈಪೋಟಿ, ಪ್ರೇಮ ಎಲ್ಲವೂ ಈ ಬಗೆಯ ಕಾದಂಬರಿಗಳ ಹಳೆಯ ಸರಕು. ಆದರೆ ಎರಡು ಸಂಗತಿಗಳಿಗಾಗಿ ಆ ಪುಟಗಳನ್ನು ಬಿಡಲಾಗದು. ಒಂದು, ಕತ್ತಿಯ ಪಾಠ. ಸೋಲಿಸ್ ಎಂಬ ಕುರುಡು ಗುರು ಆರಂಭದ ಪಾಠದಲ್ಲೇ ಮಿಯಾಳ ತೋಳನ್ನು ಕತ್ತರಿಸಿ ಹಾಕುತ್ತಾನೆ. ಚರ್ಚ್‌ನಲ್ಲಿ ಮಾಂಸವನ್ನು ನೂಲಿನಂತೆ ನೇಯಬಲ್ಲ ಮಾಂತ್ರಿಕಳೊಬ್ಬಳಿದ್ದಾಳೆ, ತೋಳು ಮರಳಿ ಕೂಡಿಕೊಳ್ಳುತ್ತದೆ, ಪಾಠ ಮುಂದುವರಿಯುತ್ತದೆ. ಯಾರೂ ಕ್ಷಮೆ ಕೇಳುವುದಿಲ್ಲ. ದೇಹವೆಂದರೆ ರಿಪೇರಿ ಮಾಡಿಸಬಹುದಾದ ಹತ್ಯಾರ ಅಷ್ಟೇ ಎಂಬುದನ್ನು ಮಕ್ಕಳ ತಲೆಗೆ ತುಂಬುವ ಕ್ರಮ ಅದು. ಇನ್ನೊಂದು, ಅಲ್ಲಿನ ಗ್ರಂಥಾಲಯ. ಸುಟ್ಟುಹೋದ ಪುಸ್ತಕಗಳು, ಬರೆಯದೇ ಉಳಿದ ಪುಸ್ತಕಗಳು ಅಲ್ಲಿವೆ. ಕಪಾಟುಗಳ ನಡುವೆ ದೈತ್ಯ ಪುಸ್ತಕದ ಹುಳುಗಳು ಹರಿದಾಡುತ್ತವೆ. ಸದಾ ಚುಟ್ಟಾ ಸೇದುವ ಮುದಿ ಗ್ರಂಥಪಾಲಕನೊಬ್ಬ ಅವನ್ನೆಲ್ಲ ಕಾಯುತ್ತಾನೆ. ಇಡೀ ಕಾದಂಬರಿ ಅವನ ಬಗ್ಗೆಯೇ ಇದ್ದಿದ್ದರೂ ನಾನು ಓದುತ್ತಿದ್ದೆ.

ಇನ್ನು ಬೆಕ್ಕು. ಮಿಯಾಳ ನೆರಳಿನಲ್ಲಿ ಬೆಕ್ಕಿನ ಆಕಾರದ ಒಂದು ಜೀವವಿದೆ, ಹೆಸರು ಮಿಸ್ಟರ್ ಕೈಂಡ್ಲಿ. ಅದಕ್ಕೆ ಹಾಲು ಬೇಡ, ಇಲಿ ಬೇಡ. ಅದರ ಆಹಾರ ಅವಳ ಭಯ. ಅವಳೊಳಗೆ ಹೆದರಿಕೆ ಹುಟ್ಟಿದ ಕ್ಷಣವೇ ಅದು ಕುಡಿದುಬಿಡುತ್ತದೆ. ಸೇಡಿನ ನಾಯಕಿಯರ ನಿರ್ಭಯತೆಯನ್ನು ನಾವು ಮೆಚ್ಚಿ ಚಪ್ಪಾಳೆ ತಟ್ಟುತ್ತೇವಲ್ಲ, ಇಲ್ಲಿ ಆ ನಿರ್ಭಯತೆ ಅವಳದ್ದೇ ಅಲ್ಲ. ಧೈರ್ಯವೆಂದರೆ ಹೆದರಿಕೊಂಡೂ ಹೆಜ್ಜೆ ಇಡುವುದು. ಹೆದರಲಿಕ್ಕೇ ಬಾರದವಳಿಗೆ ಆ ಅವಕಾಶವಿಲ್ಲ. ಬೆಕ್ಕು ದೂರವಾದಾಗ ಅವಳ ಕೈ ನಡುಗುತ್ತದೆ, ಉಸಿರು ಕಟ್ಟುತ್ತದೆ. ನನಗೆ ಅವಳು ಹತ್ತಿರದವಳೆನಿಸಿದ್ದು ಆಗಲೇ.

ಓದುತ್ತಾ ರನ್ನನ ‘ಗದಾಯುದ್ಧ’ ಪದೇಪದೇ ನೆನಪಾಯಿತು. ಅಲ್ಲಿ ಕಥಾನಾಯಕ ಭೀಮ. ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ದ್ರೌಪದಿಯ ಮುಡಿ, ಭೀಮನ ಪ್ರತಿಜ್ಞೆ, ಎಲ್ಲವೂ ಸೇಡಿನ ಕಡೆಗೇ ಓಡುತ್ತವೆ. ಆದರೆ ರನ್ನ ಮಾಡುವುದೇನು? ಸಾಯಲಿರುವ ದುರ್ಯೋಧನನನ್ನು ರಣರಂಗದಲ್ಲಿ ನಡೆಸುತ್ತಾನೆ. ಹೆಣಗಳ ನಡುವೆ ಅವನು ದ್ರೋಣನನ್ನು ಕಾಣುತ್ತಾನೆ, ತಮ್ಮ ದುಶ್ಶಾಸನನನ್ನು ಕಂಡು ಅಳುತ್ತಾನೆ, ಕರ್ಣನಿಗಾಗಿ ಕೊರಗುತ್ತಾನೆ, ಶತ್ರುವಿನ ಮಗ ಅಭಿಮನ್ಯುವಿನ ಪರಾಕ್ರಮವನ್ನೂ ಹೊಗಳುತ್ತಾನೆ. ಇಷ್ಟೆಲ್ಲ ಆದ ಮೇಲೆ ತೊಡೆ ಮುರಿದಾಗ ಓದುಗ ಜಯಘೋಷ ಮಾಡುವುದು ಹೇಗೆ? ಸಾವಿರ ವರ್ಷದ ಹಿಂದೆಯೇ ನಮ್ಮ ಕವಿ ಮಾಡಿ ತೋರಿಸಿದ್ದನ್ನು ಇಂದಿನ ಸೇಡಿನ ಕಥೆಗಳು ಮಾಡಲು ಯಾಕಿಷ್ಟು ಜಿಪುಣತನ ತೋರುತ್ತವೆ ಎಂಬುದು ನನ್ನ ತಕರಾರು.

‘ನೆವರ್‌ನೈಟ್’ ಈ ಪರೀಕ್ಷೆಯಲ್ಲಿ ಅರ್ಧ ಗೆಲ್ಲುತ್ತದೆ. ಮಿಯಾಳ ದೊಡ್ಡ ಶತ್ರುಗಳಾದ ಕಾನ್ಸಲ್, ಕಾರ್ಡಿನಲ್ ಮತ್ತು ದಂಡನಾಯಕರಿಗೆ ಈ ಸಂಪುಟದಲ್ಲಿ ಮುಖಗಳೇ ಇಲ್ಲ. ಗೋಡೆಗೆ ಅಂಟಿಸಿದ ಚಿತ್ರಗಳಂತೆ ಇದ್ದಾರೆ. ಹಾಗಿದ್ದೂ ಅರ್ಧ ಗೆದ್ದಿತು ಎಂದೆ, ಕಾರಣ ಅವಳ ಕೊನೆಯ ಪರೀಕ್ಷೆ. ಚರ್ಚ್‌ನವರು ಅವಳೆದುರು ಏನೂ ತಪ್ಪು ಮಾಡದ ಒಬ್ಬ ಹುಡುಗನನ್ನು ತಂದು ನಿಲ್ಲಿಸಿ, ಕೊಲ್ಲು ಎನ್ನುತ್ತಾರೆ. ಅವನು ಯಾರೆಂದು ಅವಳಿಗೆ ಗೊತ್ತಿಲ್ಲ, ಅವನ ಮೇಲೆ ದ್ವೇಷವಿಲ್ಲ. ಆಜ್ಞೆ ಇದೆ, ಅಷ್ಟೇ. ತಂದೆಗೆ ಹಗ್ಗ ಹಾಕಿದವನು ನಿಂತಿದ್ದ ಜಾಗದಲ್ಲಿ ಈಗ ಅವಳು ನಿಂತಿದ್ದಾಳೆ. ಅವಳು ಒಲ್ಲೆ ಎನ್ನುತ್ತಾಳೆ, ಅನುತ್ತೀರ್ಣಳಾಗುತ್ತಾಳೆ. ಅಷ್ಟು ರಕ್ತ ಹರಿದ ಪುಸ್ತಕದಲ್ಲಿ ರಕ್ತ ಹರಿಯದ ಈ ಪುಟಗಳೇ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡವು.

ಭಾಷೆಯ ಬಗ್ಗೆ ಎರಡು ಮಾತು. ಮೊದಲ ನೂರು ಪುಟ ಉಪಮೆಗಳ ಸಂತೆ. ಒಂದು ವಾಕ್ಯಕ್ಕೆ ಮೂರು ಆಭರಣ. ತಾಳ್ಮೆ ಬೇಕು. ಅಡಿಟಿಪ್ಪಣಿಗಳಂತೂ ಕೆಲವು ಪುಟಗಳಲ್ಲಿ ಕಥೆಗಿಂತ ಹೆಚ್ಚು ಜಾಗ ನುಂಗುತ್ತವೆ. ಅನೇಕರು ಅವಕ್ಕೆ ಬೈಯುವುದನ್ನು ಕೇಳಿದ್ದೇನೆ. ನಾನು ಬೈಯುವುದಿಲ್ಲ. ಸತ್ತ ರಾಜರ, ಮೋಸದ ಸಂತರ, ಪೆದ್ದು ಸೇನಾಪತಿಗಳ ಕಥೆಗಳನ್ನು ವ್ಯಂಗ್ಯದಲ್ಲಿ ಹೇಳುವ ಆ ನಿರೂಪಕನಿಗೆ ಮಿಯಾಳ ಮೇಲೆ ಅಕ್ಕರೆಯಿದೆ, ಅದನ್ನು ಮುಚ್ಚಿಡಲು ತಮಾಷೆ ಮಾಡುತ್ತಾನೆ ಎಂಬ ಗುಮಾನಿ ನನಗೆ ಬೇಗನೇ ಬಂತು. ನಾಯಕಿಗೆ ಹದಿಹರೆಯ ಎಂದು ನೋಡಿ ಇದನ್ನು ಮಕ್ಕಳಿಗೆ ಕೊಡಬೇಡಿ. ಹಿಂಸೆಯೂ ಕಾಮವೂ ಮುಚ್ಚುಮರೆಯಿಲ್ಲದೆ ಬರುವ, ದೊಡ್ಡವರಿಗಾಗಿಯೇ ಬರೆದ ಪುಸ್ತಕ ಇದು.

ನನ್ನ ನಿಜವಾದ ಅಸಮಾಧಾನ ಇರುವುದು ಆ ನಿರಾಕರಣೆಯ ನಂತರದ ಪುಟಗಳಲ್ಲಿ. ಅಲ್ಲಿ ಕಾದಂಬರಿ ನಿಂತು ಉಸಿರಾಡಬೇಕಿತ್ತು. ಕೊಲ್ಲಲು ಒಲ್ಲದವಳು ಹಂತಕರ ಮನೆಯಲ್ಲಿ ಯಾರು? ಅವಳ ಸೇಡಿಗೆ ಈಗ ಯಾವ ದಾರಿ? ಈ ಪ್ರಶ್ನೆಗಳು ಹಣ್ಣಾಗುವ ಮೊದಲೇ ದ್ರೋಹ, ಬೆನ್ನಟ್ಟುವಿಕೆ, ಕಾಳಗಗಳು ಮುಗಿಬೀಳುತ್ತವೆ. ಅವೆಲ್ಲ ರೋಚಕವಾಗಿಯೇ ಇವೆ, ಇಲ್ಲವೆನ್ನಲಾರೆ. ಆದರೆ ಧೂಳು ಇಳಿಯುವ ಹೊತ್ತಿಗೆ ಅವಳಿಗೆ ಚರ್ಚ್‌ನಲ್ಲಿ ಸ್ಥಾನ ಸಿಕ್ಕೇ ಬಿಟ್ಟಿರುತ್ತದೆ, ಒಲ್ಲೆ ಎಂದದ್ದಕ್ಕೆ ಅವಳು ತೆತ್ತ ಬೆಲೆ ಬಹುಬೇಗ ಮನ್ನಾ ಆಗಿರುತ್ತದೆ.

2017ರಲ್ಲಿ ಬಂದ ಎರಡನೆಯ ಸಂಪುಟದಲ್ಲಿ ಅವಳು ಶತ್ರುಗಳ ಹತ್ತಿರ ಹೋಗಲು ತನ್ನನ್ನೇ ಗುಲಾಮಳಾಗಿ ಮಾರಿಸಿಕೊಂಡು, ಜನ ಕೂತು ನೋಡುವ ಕತ್ತಿಕಾಳಗದ ಅಖಾಡಕ್ಕೆ ಇಳಿಯುತ್ತಾಳೆ. ಅಲ್ಲಿ ಎದುರು ನಿಲ್ಲುವವರು ಅವಳಂತೆಯೇ ಸೆರೆಯಾದವರು, ಅವಳಿಗೆ ಏನೂ ಅನ್ಯಾಯ ಮಾಡದವರು. ಆ ಹುಡುಗನ ಮುಂದೆ ತಡೆದ ಕೈಯನ್ನು ಅಲ್ಲಿ ಅವಳು ಹೇಗೆ ಎತ್ತುತ್ತಾಳೆ ಎಂಬುದಕ್ಕಾಗಿಯೇ ಅದನ್ನು ಓದಲು ಕೈಗೆತ್ತಿಕೊಂಡಿದ್ದೇನೆ.