ದೊಡ್ಡಪ್ಪನಿಗೆ ಲೈಫ್ ಜಾಕೆಟ್ ಹಾಕಿಸುವ ಕಷ್ಟ

ಗೋವಾದಲ್ಲಿ ಮನೆ ಇದ್ದವರಿಗೆ ನೆಂಟರ ಬರ ಇರುವುದಿಲ್ಲ. ಅದರಲ್ಲೂ ಅವರ ಹತ್ತಿರ ದೋಣಿ ಇದೆ ಅಂತ ಹುಬ್ಬಳ್ಳಿ-ಧಾರವಾಡದ ಕಡೆ ಸುದ್ದಿ ಹಬ್ಬಿದರೆ ಮುಗೀತು. ಅನಮೋಡ ಘಾಟಿ ಇಳಿಯುವಾಗಲೇ ಫೋನ್ ಬರುತ್ತದೆ: "ಬೋಟ್ ರೆಡಿ ಇಡೋ ತಮ್ಮಾ."

ದೋಣಿ ದೊಡ್ಡದೇನಲ್ಲ. 19 ಅಡಿಯ ಹಳೆ ಫೈಬರ್ ಬೋಟು, ಹಿಂದೆ ಒಂದು ಔಟ್‌ಬೋರ್ಡ್ ಎಂಜಿನ್. ಆಫೀಸಿನ ಗೆಳೆಯನ ಜೊತೆ ಅರ್ಧರ್ಧ ದುಡ್ಡು ಹಾಕಿ ಕೊಂಡದ್ದು. ನಾನೋ, ಕೆಲಗೇರಿ ಕೆರೆಯನ್ನೇ ಸಮುದ್ರ ಅಂದುಕೊಂಡು ಬೆಳೆದವನು. ಗೋವಾದ ಮಾಂಡವಿ ನದಿಯಲ್ಲಿ ಮೊದಲ ಸಲ ಸ್ಟೀರಿಂಗ್ ಹಿಡಿದಾಗ ವಯಸ್ಸು 44. ಎರಡು ವರ್ಷ ಕಳೆದ ಮೇಲೆ ನನಗೆ ಅನಿಸಿದ್ದು ಇಷ್ಟು: ಹೊಸದಾಗಿ ದೋಣಿ ನಡೆಸುವವನನ್ನು ನೀರಿಗಿಂತ ಜಾಸ್ತಿ ಸತಾಯಿಸುವುದು ಒಳಗೆ ಕೂತವರು. ಅವರಿಗೆ 'ಬೇಡ' ಅನ್ನಲು ಬಾರದವನು ಎಂಜಿನ್ ಎಷ್ಟು ಚೆನ್ನಾಗಿ ಬಲ್ಲವನಾದರೂ ಇನ್ನೂ ಕಲಿಯುತ್ತಿರುವವನೇ.

ನನಗೆ ಕಲಿಸಿದವರು ಕಾರವಾರದ ಕಡೆಯ ಒಬ್ಬ ಹಿರಿಯರು. ಬಹಳ ವರ್ಷ ಮೀನುಗಾರಿಕೆ ದೋಣಿಯಲ್ಲಿ ತಾಂಡೇಲರಾಗಿದ್ದವರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು. ನಾನು ಮಾಮಾ ಅಂತಲೇ ಕರೆಯುತ್ತೇನೆ. ಮೊದಲ ಮೂರು ಭಾನುವಾರ ಅವರು ನನ್ನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಜೆಟ್ಟಿ ಬಿಡು, ಜೆಟ್ಟಿಗೆ ಬಾ, ಮತ್ತೆ ಬಿಡು. ಸ್ಕೂಟರ್ ಓಡಿಸಿದ ಬುದ್ಧಿ ಇಲ್ಲಿ ಕೈಕೊಡುತ್ತದೆ. ಬೋಟಿಗೆ ಬ್ರೇಕಿಲ್ಲ. ಮೂತಿ ಎಡಕ್ಕೆ ಹೊರಳಿದರೆ ಹಿಂಭಾಗ ಬಲಕ್ಕೆ ಜಾರುತ್ತದೆ, ಹೋಗಿ ಬಡಿಯುವುದೂ ಆ ಹಿಂಭಾಗವೇ. ಜೆಟ್ಟಿ ಸೇರುವಾಗ ನೀರಿನ ಹರಿವಿಗೆ ಎದುರಾಗಿ ಬರಬೇಕು. ಗೇರ್ ಹಾಕು, ನ್ಯೂಟ್ರಲ್ ಮಾಡು, ಸ್ವಲ್ಪ ಕಾಯಿ. ನಾನು ಗಾಬರಿಯಾಗಿ ರಿವರ್ಸ್ ಎಳೆದಾಗಲೆಲ್ಲ ಮಾಮಾ ಒಂದೇ ಮಾತು ಹೇಳುತ್ತಿದ್ದರು. "ನೀರೇ ಬ್ರೇಕ್ ಹಾಕ್ತದೆ ಮಾರಾಯಾ, ನೀ ಸುಮ್ನಿರು."

ನಾಲ್ಕನೇ ವಾರ ಅವರು ಕೇಳಿದ್ದು ನಮ್ಮ ಮನೆಯ ಕ್ಯಾಲೆಂಡರ್! ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಉಬ್ಬರ-ಇಳಿತ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ದಿನದಿಂದ ದಿನಕ್ಕೆ ಉಬ್ಬರ ಸುಮಾರು 50 ನಿಮಿಷ ತಡವಾಗುತ್ತದೆ. ಮುಂಬೈಯಲ್ಲಿ ಅಮಾವಾಸ್ಯೆಗೆ ನೀರು 4 ಮೀಟರಿಗೂ ಹೆಚ್ಚು ಏರಿಳಿಯುತ್ತದೆ, ನಮ್ಮಲ್ಲಿ 2 ಮೀಟರ್ ಆಸುಪಾಸು. ಅಷ್ಟೇ ಅಲ್ವಾ ಅಂದುಕೊಂಡೆ. ಆದರೆ ಮಾಂಡವಿ ಸಮುದ್ರ ಸೇರುವ ಅಳಿವೆಯಲ್ಲಿ, ಅಗ್ವಾದ ಕೋಟೆಯ ಕೆಳಗೆ, ಮರಳ ದಿಬ್ಬ ಇದೆ. ಮಧ್ಯಾಹ್ನ ಸಮುದ್ರದಿಂದ ಗಾಳಿ ಏಳುತ್ತದೆ. ಆಗ ನದಿಯಲ್ಲಿ ಇಳಿತವಿದ್ದರೆ ಹೊರಗೆ ಹರಿಯುವ ನೀರು, ಒಳಗೆ ನುಗ್ಗುವ ಗಾಳಿ ಎರಡೂ ಮುಖಾಮುಖಿ. ಬೆಳಿಗ್ಗೆ ತಟ್ಟೆಯಂತಿದ್ದ ಜಾಗದಲ್ಲಿ ಮೂರು ಗಂಟೆಗೆ ಗಿಡ್ಡ ಕಡಿದಾದ ಅಲೆಗಳು ಒಂದರ ಹಿಂದೊಂದು ಏಳುತ್ತವೆ. ನಾನು ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೊಂದಕ್ಕೆ ವಾಪಸ್ ಬರುವವನಾದದ್ದು ಇದಕ್ಕೇ. ಮಳೆಗಾಲದಲ್ಲಂತೂ ಬೋಟು ದಡದ ಮೇಲೆ, ಟಾರ್ಪಾಲಿನ ಅಡಿ.

ಇಷ್ಟೆಲ್ಲ ಕಲಿತಿದ್ದೆ. ಆದರೂ ಹೋದ ಡಿಸೆಂಬರಿನಲ್ಲಿ ತಪ್ಪು ಮಾಡಿದೆ.

ದೊಡ್ಡಪ್ಪ ಬಂದಿದ್ದರು. 72 ವರ್ಷ, ನಿವೃತ್ತ ಗಣಿತ ಮಾಸ್ತರು, ನನಗೆ ಮಗ್ಗಿ ಕಲಿಸಿದವರು. ಜಾಕೆಟ್ ಕೊಟ್ಟರೆ ಕೈಯಲ್ಲೇ ತಳ್ಳಿದರು. "ಏ, ನನಗ್ಯಾಕೋ ಇದು? ಕೆಲಗೇರಿ ಕೆರಿ ಈಜಿ ದಾಟಿದಾಂವ ನಾನು." ಮುಂದೆ ಏನು ಹೇಳಬೇಕೋ ತೋಚಲಿಲ್ಲ. ಬಾಲ್ಯದಲ್ಲಿ ಕಿವಿ ಹಿಂಡಿದ ಕೈಗೆ ಬಕಲ್ ಹಾಕಿಸುವುದು ಸುಲಭವಲ್ಲ. ನಕ್ಕು ಸುಮ್ಮನಾದೆ. ಬರುವಾಗ ಅವರು ಫೋಟೋಗೆ ಅಂತ ಮುಂದೆ ಎದ್ದು ನಿಂತರು. ಅಷ್ಟರಲ್ಲಿ ಪಕ್ಕದಲ್ಲಿ ಹಾದುಹೋದ ದೊಡ್ಡ ಬೋಟಿನ ಅಲೆ ಬಂತು. ವೇಗ ಇಳಿಸಿ, ಮೂತಿಯನ್ನು ಸ್ವಲ್ಪ ಓರೆಯಾಗಿ ಅಲೆಯ ಕಡೆ ತಿರುಗಿಸಬೇಕಿತ್ತು. ನಾನು ಅವರನ್ನೇ ನೋಡುತ್ತಿದ್ದೆ. ಅಲೆ ಮಗ್ಗುಲಿಗೆ ಬಡಿಯಿತು. ದೊಡ್ಡಪ್ಪ ಒಳಗೇ ಬಿದ್ದರು, ಐಸ್ ಪೆಟ್ಟಿಗೆಯ ಮೇಲೆ. ಮೊಣಕಾಲು ಊದಿತು. ಹೊರಗೆ ಬಿದ್ದಿದ್ದರೆ ಅಂತ ನೆನೆಸಿಕೊಂಡು ಎರಡು ರಾತ್ರಿ ನಿದ್ದೆ ಬರಲಿಲ್ಲ.

ಈಜು ಬರುತ್ತದೆ ಅನ್ನುವವರಿಗೆ ನಾನೀಗ ಮುಂಬೈಯನ್ನು ನೆನಪಿಸುತ್ತೇನೆ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟಿದ್ದ ಪ್ರವಾಸಿ ದೋಣಿಗೂ ನೌಕಾಪಡೆಯ ವೇಗದ ದೋಣಿಗೂ ಡಿಕ್ಕಿಯಾಗಿ 15 ಜನ ಸತ್ತರು. ಬಿರುಗಾಳಿ ಇರಲಿಲ್ಲ, ಕತ್ತಲೂ ಆಗಿರಲಿಲ್ಲ. ಡಿಕ್ಕಿಯಲ್ಲಿ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವನಿಗೆ ಯಾವ ಈಜು ನೆನಪಿರುತ್ತದೆ?

ದೊಡ್ಡಪ್ಪ ಬಿದ್ದ ದಿನದಿಂದ ಎಲ್ಲರ ಜಾಕೆಟ್ಟಿನ ಬಕಲ್ ಬೀಳುವ ತನಕ ನಾನು ಹಗ್ಗ ಬಿಚ್ಚುವುದಿಲ್ಲ. ಸಿಟ್ಟಾದವರು ಸಿಟ್ಟಾಗಲಿ.

ನೆಂಟರಿಲ್ಲದ ಭಾನುವಾರಗಳಲ್ಲಿ ನಾನೂ ಹೆಂಡತಿಯೂ ಹೊರಡುತ್ತೇವೆ, ಜೊತೆಗೆ ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ. ಹೇಳದೆ ಕೇಳದೆ ಅವಳು ಅದನ್ನು ನೀರಿಗೆ ಎಸೆಯುತ್ತಾಳೆ. ಅದೇ ನೀರಿಗೆ ಬಿದ್ದ ಮನುಷ್ಯ. ಅವಳ ಕೆಲಸ ಬೆರಳು ತೋರಿಸುತ್ತಲೇ ಇರುವುದು, ಕಣ್ಣು ಕೀಳುವಂತಿಲ್ಲ. ಒಂದು ಸಣ್ಣ ಅಲೆ ಅಡ್ಡ ಬಂದರೆ ಕಾಯಿ ಕಾಣುವುದೇ ಇಲ್ಲ. ತಲೆಯೂ ಅಷ್ಟೇ ಅಲ್ವಾ. ನಾನು ಸುತ್ತಿ ಬಂದು, ನಿಧಾನ ಮಾಡಿ, ಹತ್ತಿರವಾದಾಗ ಎಂಜಿನ್ ಆರಿಸಿ ಎತ್ತಿಕೊಳ್ಳಬೇಕು. ಮೊದಲ ದಿನ ನಾಲ್ಕು ಸಲ ತಪ್ಪಿತು. ಐದನೇ ಸಲ ಕಾಯಿಯ ಮೇಲೇ ಹತ್ತಿಸಿದೆ. ಹೆಂಡತಿ ಏನೂ ಅನ್ನಲಿಲ್ಲ, ಎಂಜಿನ್ನಿನ ಫ್ಯಾನಿಗೆ ಸಿಕ್ಕಿ ಸೀಳಿದ ಕಾಯಿಯನ್ನು ಮನೆಗೆ ತಂದು ಅಡುಗೆಮನೆ ಕಟ್ಟೆಯ ಮೇಲೆ ಇಟ್ಟಳು.

ಆಮೇಲೆ ಅವಳೇ ಕೇಳಿದ್ದು: "ನೀವೇ ಬಿದ್ದರೆ?" ನಿಜ, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ಕಿಲ್ ಸ್ವಿಚ್ಚಿನ ಕೆಂಪು ಹಗ್ಗ ನನ್ನ ಮಣಿಕಟ್ಟಿನಲ್ಲಿರುತ್ತದೆ, ನಾನು ಬಿದ್ದರೆ ಎಂಜಿನ್ ನಿಲ್ಲುತ್ತದೆ. ಲಂಗರು ಹಾಕುವುದು, ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ ತುರ್ತು ಕರೆಯ ಚಾನೆಲ್ 16ಕ್ಕೆ ಹೋಗಿ ಮೂರು ಸಲ 'ಮೇಡೇ' ಅಂದು ಎಲ್ಲಿದ್ದೇವೆ, ಎಷ್ಟು ಜನ ಅಂತ ಹೇಳುವುದು ಅವಳಿಗೆ ಬರುತ್ತದೆ. ಕೋಸ್ಟ್ ಗಾರ್ಡ್‌ನ ತುರ್ತು ನಂಬರ್ 1554 ಇಬ್ಬರ ಫೋನಿನಲ್ಲೂ ಇದೆ. ಅವಳು ಕಲಿತ ಮೇಲೆ ನನ್ನ ಅಳುಕು ಅರ್ಧ ಇಳಿಯಿತು.

ಫೆಬ್ರವರಿಯಲ್ಲಿ ದೊಡ್ಡಪ್ಪ ಮತ್ತೆ ಬಂದರು. ಜಾಕೆಟ್ ಇಲ್ಲದೆ ಹತ್ತಿಸುವುದಿಲ್ಲ ಅಂದೆ. ನನ್ನ ದನಿ ಸ್ವಲ್ಪ ನಡುಗಿತು, ಸುಳ್ಳು ಹೇಳುವುದಿಲ್ಲ. ಅವರು ಜೆಟ್ಟಿಯ ಮೇಲೇ ಕೂತರು, ನಾವು ಹೋಗಿ ಬಂದೆವು. ರಾತ್ರಿ ಊಟದಲ್ಲಿ ಮಾತಿಲ್ಲ. ಬೆಳಿಗ್ಗೆ ಚಹಾ ಕುಡಿಯುತ್ತಾ, ಪೇಪರಿನಿಂದ ತಲೆ ಎತ್ತದೆ ಕೇಳಿದರು. "ಆ ಕೇಸರಿ ಬಣ್ಣದ್ದು ಹೊಟ್ಟಿಗೆ ಬಿಗೀತದ. ದೊಡ್ಡ ಸೈಜಿಂದು ಸಿಗತದೇನು?"

ತಂದಿಟ್ಟಿದ್ದೇನೆ. ಯುಗಾದಿಗೆ ಬರುತ್ತಾರಂತೆ.